ಒಂದು ಸ್ವಿಂಗಿಗೆ ಎಷ್ಟು ಡಿಗ್ರಿ, ಒಂದು ಸೊಂಟನೋವಿಗೆ ಎಷ್ಟು ರೂಪಾಯಿ

ಗಾಲ್ಫ್ ಚೆಂಡಿನ ತೂಕ ನಿಯಮದ ಪ್ರಕಾರ 45.93 ಗ್ರಾಂ ಮೀರುವಂತಿಲ್ಲ. ಒಂದು ದೊಡ್ಡ ಬೆಟ್ಟದ ನೆಲ್ಲಿಕಾಯಿಯಷ್ಟೇ ಭಾರ. ಅದನ್ನು ಹೊಡೆಯುವಾಗ ಆಟಗಾರನ ಸೊಂಟದ ಬೆನ್ನೆಲುಬಿನ ಮೇಲೆ ಬೀಳುವ ಒತ್ತಡ ಅವನ ದೇಹತೂಕದ ಸುಮಾರು 8 ಪಟ್ಟು. ಅಮೆರಿಕದ ಮೂಳೆವೈದ್ಯ ಟಿಮೊಥಿ ಹೋಸಿಯಾ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಳತೆ ಇದು. ಹವ್ಯಾಸಿ ಆಟಗಾರರಲ್ಲಿ ಸರಾಸರಿ 6,100 ನ್ಯೂಟನ್, ಅಂದರೆ ಸುಮಾರು 620 ಕೆ.ಜಿ. ಭಾರ. ವೃತ್ತಿಪರರಲ್ಲಿ 7,584 ನ್ಯೂಟನ್, ಸುಮಾರು 770 ಕೆ.ಜಿ. ಓಡುವಾಗ ಇದು ದೇಹತೂಕದ 3 ಪಟ್ಟು, ದೋಣಿಯ ಹುಟ್ಟು ಹಾಕುವಾಗ 7 ಪಟ್ಟು. ನಿಧಾನವಾಗಿ ನಡೆದಾಡುವವರ ಆಟ ಎಂದು ಗಾಲ್ಫನ್ನು ಹಗುರವಾಗಿ ಕಾಣುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಅದೇ ಅಧ್ಯಯನದ ಇನ್ನೊಂದು ಅಂಶ ನಮ್ಮ ವಾರಾಂತ್ಯದ ಆಟಗಾರರಿಗೆ ಹೆಚ್ಚು ಹತ್ತಿರದ್ದು. ಮೇಲಿನಿಂದ ಕೆಳಕ್ಕೆ ಅದುಮುವ ಒತ್ತಡ ವೃತ್ತಿಪರರಲ್ಲಿ ಹೆಚ್ಚು. ಆದರೆ ಕಶೇರುಗಳನ್ನು ಒಂದರ ಮೇಲೊಂದು ಅಡ್ಡಕ್ಕೆ ಜಾರಿಸುವ ಬಲ ಮತ್ತು ಪಕ್ಕಕ್ಕೆ ಬಗ್ಗಿಸುವ ಬಲ ಹವ್ಯಾಸಿಗಳಲ್ಲಿ ಸುಮಾರು ಶೇ. 80ರಷ್ಟು ಜಾಸ್ತಿ. ಚೆಂಡು ಕಡಿಮೆ ದೂರ ಹೋಗುತ್ತದೆ, ಸೊಂಟ ಮಾತ್ರ ಹೆಚ್ಚು ತೆರುತ್ತದೆ. ಅಳತೆಗೆ ಒಳಗಾದವರು ಬೆರಳೆಣಿಕೆಯ ಮಂದಿ ಎಂಬುದು ನಿಜ. ಆದರೂ ಕಾರಣ ಊಹಿಸುವುದು ಕಷ್ಟವಲ್ಲ. ತಿರುಗಬೇಕಾದ ಕೀಲು ತಿರುಗದಿದ್ದರೆ ತಿರುಗಬಾರದ ಕೀಲು ತಿರುಗುತ್ತದೆ. ದೇಹಚಲನೆಯ ಪರೀಕ್ಷೆ, ಅಂದರೆ ಯಾವ ಕೀಲು ಎಷ್ಟು ಡಿಗ್ರಿ ಓಡಾಡುತ್ತದೆ ಎಂದು ಅಳೆದು ನೋಡುವ ಕೆಲಸ, ಹುಟ್ಟಿದ್ದು ಈ ಒಂದು ತಿಳಿವಳಿಕೆಯಿಂದ.

ಎಷ್ಟು ಜನರಿಗೆ, ಎಲ್ಲೆಲ್ಲಿ ನೋವು? ಆಸ್ಟ್ರೇಲಿಯಾದಲ್ಲಿ 588 ಹವ್ಯಾಸಿ ಆಟಗಾರರನ್ನು ಒಂದು ವರ್ಷ ಹಿಂಬಾಲಿಸಿದಾಗ 93 ಗಾಯಗಳು ದಾಖಲಾದವು. ನೂರು ಆಟಗಾರರಿಗೆ ವರ್ಷಕ್ಕೆ 15.8. ಅದರಲ್ಲಿ ಕೆಳಬೆನ್ನಿನ ಪಾಲು ಶೇ. 18.3, ಮೊಣಕೈ ಮತ್ತು ಮುಂಗೈಯದು ಶೇ. 17.2, ಪಾದ ಮತ್ತು ಹಿಮ್ಮಡಿಯ ಕೀಲಿನದು ಶೇ. 12.9, ಭುಜದ್ದು ಶೇ. 11.8. ಜರ್ಮನಿಯಲ್ಲಿ ಗೋಷೆಗರ್ ತಂಡ 703 ಆಟಗಾರರನ್ನು ವಿಚಾರಿಸಿ 2003ರಲ್ಲಿ ಬರೆದ ವರದಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅವರು ಪಟ್ಟಿ ಮಾಡಿದ ಗಾಯಗಳಲ್ಲಿ ಶೇ. 82.6 ಅತಿಬಳಕೆಯವು. ಬಿದ್ದು, ಎಡವಿ, ಒಂದೇ ಏಟಿಗೆ ಆದವು ಶೇ. 17.4 ಮಾತ್ರ. ಅರ್ಧದಷ್ಟು, ಅಂದರೆ ಶೇ. 51.5, ಸಣ್ಣಪುಟ್ಟವು, ಶೇ. 21.7 ಗಂಭೀರ. ಅತಿಬಳಕೆಯ ಗಾಯ ಒಂದು ದಿನದಲ್ಲಿ ಆಗುವುದಿಲ್ಲ. ಹಾಗಾಗಿ ಅದನ್ನು ಮೊದಲೇ ಹಿಡಿಯಲು ಸಮಯ ಇರುತ್ತದೆ.

ಈಗ ಡಿಗ್ರಿಗಳ ಲೆಕ್ಕಕ್ಕೆ ಬರೋಣ. ಮುಂದಿನದೆಲ್ಲ ಬಲಗೈ ಆಟಗಾರರ ಲೆಕ್ಕ. ಎಡಗೈಯವರು ಎಡ-ಬಲ ಅದಲುಬದಲು ಮಾಡಿಕೊಳ್ಳಬೇಕು. ಕ್ಲಬ್ಬನ್ನು ಹಿಂದಕ್ಕೆ ಪೂರ್ತಿ ಎತ್ತಿದಾಗ ಭುಜಗಳು ಸುಮಾರು 90 ಡಿಗ್ರಿ ತಿರುಗಿರುತ್ತವೆ, ಸೊಂಟಪಟ್ಟಿಯ ಮಟ್ಟದಲ್ಲಿ ದೇಹ ಸುಮಾರು 45. ನಡುವಿನ ವ್ಯತ್ಯಾಸ 45 ಡಿಗ್ರಿ. ಇದನ್ನು ಕೊಡಬೇಕಾದದ್ದು ಬೆನ್ನೆಲುಬು. ಸೊಂಟದ ಭಾಗದಲ್ಲಿ ಕಶೇರುಗಳು 5. ಐದೂ ಸೇರಿ ಒಂದು ಕಡೆಗೆ ತಿರುಗಬಲ್ಲದ್ದು ಸುಮಾರು 13 ಡಿಗ್ರಿ, ಒಂದೊಂದು ಕೀಲಿಗೆ 2-3 ಡಿಗ್ರಿ, ಅಷ್ಟೆ. ಪಕ್ಕೆಲುಬು ಅಂಟಿಕೊಂಡಿರುವ ಮೇಲಿನ 12 ಕಶೇರುಗಳ ಭಾಗ ಸುಮಾರು 35 ಡಿಗ್ರಿ ತಿರುಗುತ್ತದೆ. 13ಕ್ಕೆ 35 ಸೇರಿದರೆ 48. ಬೇಕಾದದ್ದು 45, ಇರುವುದು 48. ಕೈಯಲ್ಲಿ ಉಳಿದದ್ದು 3 ಡಿಗ್ರಿ.

ದಿನಕ್ಕೆ ಎಂಟೊಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಬೆನ್ನು ಗೂನು ಮಾಡಿ ಕೂರುವ ಐವತ್ತರ ಆಸುಪಾಸಿನವರಲ್ಲಿ ಆ 35 ಡಿಗ್ರಿ ಹಾಗೇ ಉಳಿದಿರುವುದು ಅಪರೂಪ. ಅದು 25ಕ್ಕೆ ಇಳಿದಿದ್ದರೆ ಲೆಕ್ಕದಲ್ಲಿ 7 ಡಿಗ್ರಿ ಖೋತಾ. ಚೆಂಡು ಮಾತ್ರ ಅಷ್ಟೇ ದೂರ ಹೋಗಬೇಕು. ಆಗ ದೇಹ ಒಂದೋ ಪೂರ್ತಿ ಪಕ್ಕಕ್ಕೆ ವಾಲುತ್ತದೆ, ಇಲ್ಲವೇ ಸೊಂಟದ ಕೀಲುಗಳಿಂದ ಅವಕ್ಕೆ ಶಕ್ತಿಯಿಲ್ಲದ ತಿರುವನ್ನು ಕಿತ್ತುಕೊಳ್ಳುತ್ತದೆ. ಕ್ಲಬ್ ಮೇಲಿನಿಂದ ಚೆಂಡಿನವರೆಗೆ ಇಳಿಯಲು ತೆಗೆದುಕೊಳ್ಳುವ ಸಮಯ ಸುಮಾರು ಕಾಲು ಸೆಕೆಂಡ್. ಹವ್ಯಾಸಿ ಗಂಡಸರ ಕ್ಲಬ್ಬಿನ ತುದಿ ಆ ಹೊತ್ತಿಗೆ ಗಂಟೆಗೆ ಸುಮಾರು 150 ಕಿ.ಮೀ. ವೇಗ ಮುಟ್ಟಿರುತ್ತದೆ, ಅಮೆರಿಕದ ಪಿಜಿಎ ಟೂರ್ ಆಟಗಾರರದು 180 ದಾಟಿರುತ್ತದೆ. ಕಾಲು ಸೆಕೆಂಡಿನಲ್ಲಿ ಸ್ನಾಯುಗಳು ಯೋಚಿಸಿ ತಪ್ಪು ತಿದ್ದಿಕೊಳ್ಳಲಾರವು. ಸಡಿಲವಿರುವ ಕಡೆಯಿಂದ ತಿರುವು ಬರುತ್ತದೆ, ಅಷ್ಟೆ.

ಇದಕ್ಕಿಂತ ದೊಡ್ಡ ಖೋತಾ ಇರುವುದು ತೊಡೆಯ ಬುಡದಲ್ಲಿ, ಹಿಪ್ ಕೀಲಿನಲ್ಲಿ. ಚೆಂಡು ಹೊಡೆದು ಮುಗಿಸಿದಾಗ ಹೊಕ್ಕುಳು ಗುರಿಯತ್ತ ನೋಡುತ್ತಿರಬೇಕು. ನಿಂತ ಜಾಗದಿಂದ ಅದು ಸುಮಾರು 90 ಡಿಗ್ರಿಯ ತಿರುವು, ಅದೂ ಪೂರ್ತಿ ಭಾರ ಎಡಗಾಲಿನ ಮೇಲಿದ್ದಾಗ. ಪಾದ ನೆಲದಲ್ಲಿ ಊರಿರುತ್ತದೆ, ಸೊಂಟಪಟ್ಟಿ ಅದರ ಮೇಲೆ ಸುತ್ತುತ್ತದೆ. ಹೀಗೆ ಸುತ್ತಲು ಎಡ ಹಿಪ್ಪಿಗೆ ಒಳತಿರುವು ಬೇಕು. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 35ರಿಂದ 45 ಡಿಗ್ರಿ. 42 ವೃತ್ತಿಪರ ಆಟಗಾರರನ್ನು ಪರೀಕ್ಷಿಸಿದ ವಿಜಯ್ ವಾಡ್ ತಂಡ 2004ರಲ್ಲಿ ಕಂಡದ್ದು ಇದು: ಹಿಂದಿನ ಒಂದು ವರ್ಷದಲ್ಲಿ ಎರಡು ವಾರ ಮೀರಿ ಸೊಂಟನೋವು ಅನುಭವಿಸಿದವರು ಶೇ. 33. ಮುಂಗಾಲಿನ, ಅಂದರೆ ಎಡ ಹಿಪ್ಪಿನ ಒಳತಿರುವು ಕಡಿಮೆ ಇರುವುದಕ್ಕೂ ಸೊಂಟನೋವಿನ ಇತಿಹಾಸಕ್ಕೂ ನಂಟು ಇತ್ತು. ಹಿಪ್ ಮೊದಲು ಬಿಗಿಯಾಯಿತೋ ಸೊಂಟ ಮೊದಲು ನೊಂದಿತೋ ಎಂಬುದನ್ನು ಇಂಥ ಅಧ್ಯಯನ ಹೇಳಲಾರದು. ಆದರೆ ಎಲ್ಲಿ ನೋಡಬೇಕು ಎಂಬುದನ್ನು ಅದು ತೋರಿಸಿಕೊಟ್ಟಿತು.

ನಮ್ಮವರಲ್ಲಿ ಒಂದು ಭ್ರಮೆಯಿದೆ. ‘ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಒಂದು ಗಂಟೆ ಕೂರಬಲ್ಲೆ, ನನ್ನ ಕೀಲುಗಳಿಗೇನೂ ಆಗಿಲ್ಲ’ ಎಂದು ಅನೇಕರು ಹೇಳುತ್ತಾರೆ. ಚಕ್ಕಳಮಕ್ಕಳದಲ್ಲಿ ತೊಡೆ ತಿರುಗುವುದು ಹೊರಕ್ಕೆ. ಗಾಲ್ಫಿಗೆ ಬೇಕಾದದ್ದು ಅದರ ತದ್ವಿರುದ್ಧ ತಿರುವು. ಒಂದು ಧಾರಾಳವಾಗಿದ್ದರೆ ಇನ್ನೊಂದೂ ಧಾರಾಳವಾಗಿರುತ್ತದೆ ಎಂಬ ಭರವಸೆ ಏನೂ ಇಲ್ಲ. ಪದ್ಮಾಸನದಲ್ಲಿ ಸಲೀಸಾಗಿ ಕೂತವರ ಒಳತಿರುವು 20 ಡಿಗ್ರಿಯೇ ಇದ್ದರೂ ಅಚ್ಚರಿಪಡಬೇಕಿಲ್ಲ.

ಅಳೆಯುವುದು ಹೇಗೆ? ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಬೇಕು, ಮೊಣಕಾಲು 90 ಡಿಗ್ರಿ ಮಡಿಸಿ. ಜೊತೆಗಿರುವವರು ಮೊಬೈಲನ್ನು ಮೊಣಕಾಲ ಕೆಳಗಿನ ಮೂಳೆಗೆ ಒತ್ತಿ ಹಿಡಿಯುತ್ತಾರೆ; ಬಡಗಿಯ ರಸಮಟ್ಟದ ಕೆಲಸ ಮಾಡುವ ಆ್ಯಪ್ ಈಗ ಬಹುತೇಕ ಎಲ್ಲ ಫೋನಿನಲ್ಲಿ ಸಿಗುತ್ತದೆ. ತೊಡೆ ಅಲ್ಲಾಡಿಸದೆ ಪಾದವನ್ನು ಹೊರಕ್ಕೆ ತೂಗಬೇಕು. ಪಾದ ಹೊರಗೆ ಹೋದಂತೆ ತೊಡೆ ಒಳಕ್ಕೆ ತಿರುಗುತ್ತದೆ. ಪೃಷ್ಠ ಮೇಜಿನಿಂದ ಮೇಲೇಳತೊಡಗಿದ ಕ್ಷಣಕ್ಕೆ ನಿಲ್ಲಿಸಿ ಅಂಕಿ ಓದಬೇಕು. ಇಲ್ಲಿಯೇ ಜನ ಮೋಸ ಹೋಗುವುದು. ಹತ್ತಿರ ಕೂತು ನೋಡಿದರೆ ಕಾಣುತ್ತದೆ: ಅಂಕಿ 22ಕ್ಕೆ ಬಂದು ನಿಂತಿರುತ್ತದೆ, ಆಟಗಾರ ಸ್ವಲ್ಪ ಬಲಕ್ಕೆ ವಾಲುತ್ತಾನೆ, ಎಡ ಪೃಷ್ಠದ ಕೆಳಗೆ ಒಂದು ಬೆರಳು ತೂರುವಷ್ಟು ಜಾಗ ಬಿಡುತ್ತದೆ, ಫೋನಿನಲ್ಲಿ ಅಂಕಿ 31ಕ್ಕೆ ಏರುತ್ತದೆ. ಆ 9 ಡಿಗ್ರಿ ಹಿಪ್ಪಿನದಲ್ಲ, ಸೊಂಟ ಬಗ್ಗಿ ಕೊಟ್ಟದ್ದು. ಮೈದಾನದಲ್ಲೂ ಅದು ನಡೆಯುವುದು ಹೀಗೆಯೇ. ಅನುಭವಿ ಫಿಸಿಯೋಥೆರಪಿಸ್ಟ್ ಫೋನನ್ನು ನೋಡುವುದಕ್ಕಿಂತ ಪೃಷ್ಠವನ್ನು ನೋಡುವುದು ಇದೇ ಕಾರಣಕ್ಕೆ.

ಬೆನ್ನಿನ ಮೇಲ್ಭಾಗದ ಪರೀಕ್ಷೆಗೆ ಕುರ್ಚಿ ಮತ್ತು ಮೂರು ಕ್ಲಬ್ ಸಾಕು. ನೆಲದ ಮೇಲೆ ಎರಡು ಕ್ಲಬ್ಬುಗಳನ್ನು ಎಡಬಲಕ್ಕೆ 45 ಡಿಗ್ರಿ ಕೋನದಲ್ಲಿ ಇಟ್ಟು, ಮೂರನೆಯದನ್ನು ಭುಜಗಳ ಮೇಲೆ ಅಡ್ಡ ಹಿಡಿದು ಕೂರಬೇಕು. ಮೊಣಕಾಲುಗಳ ನಡುವೆ ಮಡಚಿದ ಟವೆಲ್. ಟವೆಲ್ ಅಲುಗದಂತೆ ತಿರುಗಿದಾಗ ಭುಜದ ಮೇಲಿನ ಕ್ಲಬ್ ನೆಲದ ಕ್ಲಬ್ಬಿನ ಗೆರೆಯನ್ನು ಮುಟ್ಟಿದರೆ ಸಾಕಷ್ಟು ತಿರುವು ಇದೆ ಎಂದರ್ಥ. ಕ್ಯಾಲಿಫೋರ್ನಿಯಾದ ಓಷನ್‌ಸೈಡ್‌ನಲ್ಲಿ ಗ್ರೆಗ್ ರೋಸ್ ಮತ್ತು ಡೇವ್ ಫಿಲಿಪ್ಸ್ 2003ರಲ್ಲಿ ಆರಂಭಿಸಿದ ಟೈಟ್ಲಿಸ್ಟ್ ಪರ್ಫಾರ್ಮೆನ್ಸ್ ಇನ್‌ಸ್ಟಿಟ್ಯೂಟ್ ಜನಪ್ರಿಯಗೊಳಿಸಿದ ಪರೀಕ್ಷೆಗಳ ಸರಣಿಯಲ್ಲಿ ಇದೂ ಒಂದು. ಅಲ್ಲಿನ ಪಟ್ಟಿಯಲ್ಲಿ ಕುತ್ತಿಗೆಯ ತಿರುವು, ಒಂಟಿಕಾಲಿನ ನಿಲುವು, ಕುಕ್ಕರುಗಾಲಿನಲ್ಲಿ ಕೂರುವುದು, ಬಗ್ಗಿ ಕಾಲ್ಬೆರಳು ಮುಟ್ಟುವುದು, ಮಣಿಕಟ್ಟಿನ ಓಡಾಟ ಎಲ್ಲವೂ ಉಂಟು.

ಅಳೆದ ಮೇಲೆ ಸಿಗುವ ಮೊದಲ ಲಾಭಕ್ಕೆ ಖರ್ಚೇ ಇಲ್ಲ. ಎಡ ಹಿಪ್ಪಿನ ಒಳತಿರುವು 20 ಡಿಗ್ರಿಯಷ್ಟೇ ಇದ್ದರೆ, ನಿಲ್ಲುವಾಗಲೇ ಎಡ ಪಾದದ ತುದಿಯನ್ನು ಗುರಿಯ ಕಡೆಗೆ 20-25 ಡಿಗ್ರಿ ತೆರೆದಿಟ್ಟುಕೊಂಡರೆ ಹಿಪ್ಪು ತಿರುಗಬೇಕಾದ ಬಾಕಿ ಅಷ್ಟೇ ಕಡಿಮೆಯಾಗುತ್ತದೆ. ಹೊಡೆದ ಮೇಲೆ ಹಿಮ್ಮಡಿ ಎತ್ತಿ ಪಾದ ಸುತ್ತಲು ಬಿಟ್ಟರೆ ಇನ್ನೂ ಒಂದಿಷ್ಟು. ಹಿಂದಕ್ಕೆ ಎತ್ತುವಾಗ ಬಲ ಪಾದಕ್ಕೂ ಇದೇ ಉಪಾಯ. ದೇಹವನ್ನು ತಿದ್ದಲು ವಾರಗಟ್ಟಲೆ ಬೇಕು, ನಿಲುವನ್ನು ತಿದ್ದಲು ಒಂದು ನಿಮಿಷ ಸಾಕು. ಮೊದಲು ನಿಲುವು ತಿದ್ದಿ, ಆಮೇಲೆ ದೇಹಕ್ಕೆ ಕೈಹಾಕುವ ತರಬೇತುದಾರರನ್ನು ನಾನು ಹೆಚ್ಚು ನಂಬುತ್ತೇನೆ.

ಆದರೆ ಇಂಥ ಪರೀಕ್ಷೆಯ ಹೆಸರಿನಲ್ಲಿ ಮಾರಾಟವಾಗುವ ಎಲ್ಲ ಮಾತನ್ನೂ ಒಪ್ಪಲಾಗದು. ಅಂಕ ಹಾಕಿ ‘ನಿಮಗೆ ಗಾಯವಾಗುತ್ತದೆ, ಇವರಿಗೆ ಆಗುವುದಿಲ್ಲ’ ಎಂದು ಭವಿಷ್ಯ ನುಡಿಯುವ ಪದ್ಧತಿ ಬೇರೆ ಆಟಗಳಲ್ಲಿ ಸಾಕಷ್ಟು ಪರೀಕ್ಷೆಗೆ ಒಳಗಾಗಿದೆ. ಗ್ರೇ ಕುಕ್ ಮತ್ತು ಲೀ ಬರ್ಟನ್ ರೂಪಿಸಿದ ಪ್ರಸಿದ್ಧ ಚಲನಾ ಪರೀಕ್ಷೆಯಲ್ಲಿ 7 ಭಂಗಿಗಳು, ಪ್ರತಿಯೊಂದಕ್ಕೂ 3ರವರೆಗೆ ಅಂಕ, ಒಟ್ಟು 21. ಅಮೆರಿಕನ್ ಫುಟ್‌ಬಾಲ್ ಆಟಗಾರರ ಮೇಲೆ 2007ರಲ್ಲಿ ನಡೆದ ಒಂದು ಅಧ್ಯಯನದಲ್ಲಿ 14 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದವರಿಗೆ ಗಾಯದ ಸಾಧ್ಯತೆ ಹೆಚ್ಚು ಎಂದು ಕಂಡಿತ್ತು. ಮುಂದೆ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಆ ಗೆರೆ ಗಟ್ಟಿಯಾಗಿ ನಿಲ್ಲಲಿಲ್ಲ. ನಾರ್ವೆಯ ಕ್ರೀಡಾವೈದ್ಯ ರೋಆಲ್ಡ್ ಬಾರ್ 2016ರಲ್ಲಿ, ಇಂಥ ಪರೀಕ್ಷೆಗಳು ಯಾರಿಗೆ ಗಾಯವಾಗುತ್ತದೆಂದು ಹೇಳಲಾರವು, ಬಹುಶಃ ಎಂದೂ ಹೇಳಲಾರವು ಎಂದೇ ಬರೆದರು. ಗಾಯವಾದವರ ಅಂಕಗಳೂ ಆಗದವರ ಅಂಕಗಳೂ ಒಂದರ ಮೇಲೊಂದು ಹಾಯ್ದಿರುತ್ತವೆ. ನಡುವೆ ಎಲ್ಲಿ ಗೆರೆ ಎಳೆದರೂ ಎರಡೂ ಕಡೆ ತಪ್ಪು ಎಣಿಕೆ ಬರುತ್ತದೆ ಎಂಬುದು ಅವರ ವಾದದ ತಿರುಳು. ಅಳತೆಯಿಂದ ನಿರೀಕ್ಷಿಸಬೇಕಾದದ್ದು ಭವಿಷ್ಯವಾಣಿಯನ್ನಲ್ಲ. ಯಾವ ಕೀಲಿಗೆ ಯಾವ ವ್ಯಾಯಾಮ, ಹೇಗೆ ನಿಲ್ಲಬೇಕು, ಆರು ವಾರದ ಮೇಲೆ ಏನಾದರೂ ಬದಲಾಯಿತೇ, ಇವಿಷ್ಟನ್ನು ಅದು ಚೆನ್ನಾಗಿ ಹೇಳುತ್ತದೆ.

ಡಿಗ್ರಿಯಷ್ಟೇ ಮುಖ್ಯವಾದ ಇನ್ನೊಂದು ಅಂಕಿಗೆ ಯಾವ ಸಲಕರಣೆಯೂ ಬೇಡ. ವಾರಕ್ಕೆ ಎಷ್ಟು ಚೆಂಡು ಹೊಡೆದಿರಿ? ಗೋಷೆಗರ್ ವರದಿಯಲ್ಲಿ ವಾರಕ್ಕೆ 200 ಚೆಂಡು ದಾಟಿದವರಲ್ಲಿ, ಅಥವಾ ವಾರಕ್ಕೆ 4 ಸುತ್ತು ಆಡಿದವರಲ್ಲಿ ಗಾಯ ಹೆಚ್ಚು ಕಂಡಿದೆ. ಒಬ್ಬ ಹವ್ಯಾಸಿಯ ಲೆಕ್ಕ ಹಾಕೋಣ. 18 ಹೋಲ್‌ಗೆ 90 ಹೊಡೆತ ಎಂದರೆ ಅದರಲ್ಲಿ ಪೂರ್ತಿ ಸ್ವಿಂಗ್ ಸುಮಾರು 40. ಪ್ರತಿ ಹೊಡೆತಕ್ಕೆ ಮುಂಚೆ ಒಂದು ಖಾಲಿ ಸ್ವಿಂಗ್ ಸೇರಿಸಿದರೆ 80. ವಾರದ ನಡುವೆ ಡ್ರೈವಿಂಗ್ ರೇಂಜಿನಲ್ಲಿ ನೂರು ಚೆಂಡಿನ ಒಂದು ಬುಟ್ಟಿ. ಒಟ್ಟು 180. ಕ್ಲಬ್ಬಿನ ಟೂರ್ನಿ ಹತ್ತಿರ ಬಂತೆಂದು ಮೂರು ಬುಟ್ಟಿಗೆ ಏರಿಸಿದರೆ 380. ಒಂದೇ ವಾರದಲ್ಲಿ ಎರಡು ಪಟ್ಟಿಗಿಂತ ಹೆಚ್ಚು. ಸ್ನಾಯುರಜ್ಜುಗಳು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಮೊಣಕೈ ನೋವೆಂದು ಬರುವವರನ್ನು ಕೇಳಿದರೆ ಹಿಂದಿನ ಎರಡು ಮೂರು ವಾರಗಳಲ್ಲಿ ಇಂಥದೊಂದು ಜಿಗಿತ ಸಿಗುವುದು ಸಾಮಾನ್ಯ. ಸಿಮೆಂಟ್ ನೆಲದ ಮೇಲೆ ಹಾಸಿದ ತೆಳು ಮ್ಯಾಟ್ ಮೇಲೆ ಹೊಡೆದಿದ್ದರೆ ಇನ್ನೂ ಕೆಟ್ಟದು. ಹುಲ್ಲು ನೆಲದಲ್ಲಿ ಕ್ಲಬ್ ಮಣ್ಣಿಗೆ ತಾಗಿದರೆ ಮಣ್ಣು ಸರಿಯುತ್ತದೆ. ಮ್ಯಾಟಿನ ಕೆಳಗಿನ ಸಿಮೆಂಟು ಸರಿಯುವುದಿಲ್ಲ, ಪೆಟ್ಟು ಮಣಿಕಟ್ಟಿಗೂ ಮೊಣಕೈಗೂ ವಾಪಸು ಬರುತ್ತದೆ.

ಮೈ ಬಿಸಿ ಮಾಡಿಕೊಳ್ಳುವ ಅಭ್ಯಾಸದ ಅಂಕಿಯೂ ಇದೆ. ಆಸ್ಟ್ರೇಲಿಯಾದಲ್ಲಿ ಆಂಡ್ರಿಯಾ ಫ್ರಾಡ್ಕಿನ್ ತಂಡ 1,040 ಆಟಗಾರರನ್ನು ಗಮನಿಸಿದಾಗ ಏನಾದರೂ ವಾರ್ಮಪ್ ಮಾಡಿದವರು ಶೇ. 54.3. ಅವರಲ್ಲೂ ಹೆಚ್ಚಿನವರು ಮಾಡಿದ್ದು ಗಾಳಿಯಲ್ಲಿ ನಾಲ್ಕು ಸಲ ಕ್ಲಬ್ ಬೀಸಿದ್ದು ಮಾತ್ರ. ಗೋಷೆಗರ್ ತಂಡಕ್ಕೆ ಪ್ರಯೋಜನ ಕಂಡದ್ದು ಕನಿಷ್ಠ 10 ನಿಮಿಷದ ವಾರ್ಮಪ್‌ನಲ್ಲಿ. ಗಾಯದ ಮಾತಿಗೆ ಕಿವಿಗೊಡದವರಿಗೆ ಇನ್ನೊಂದು ಅಂಕಿ: ಫ್ರಾಡ್ಕಿನ್ ಅವರ 2004ರ ಸಣ್ಣ ಪ್ರಯೋಗದಲ್ಲಿ 20 ಗಂಡಸರ ಪೈಕಿ ಐದು ವಾರ ವ್ಯಾಯಾಮ ಮಾಡಿದ ಗುಂಪಿನ ಕ್ಲಬ್ ವೇಗ ಶೇ. 24 ಏರಿತು. ಚೆಂಡು ದೂರ ಹೋಗುತ್ತದೆ ಎಂದರೆ ವ್ಯಾಯಾಮಕ್ಕೆ ಬಾರದ ಗಾಲ್ಫ್ ಆಟಗಾರನಿಲ್ಲ.

ಇನ್ನು, ನೋವು ಬಂದ ಮೇಲಿನ ಮಾತು. ಸೊಂಟ ಹಿಡಿದ ತಕ್ಷಣ ಎಂಆರ್‌ಐಗೆ ಓಡುವುದು ನಮ್ಮ ನಗರಗಳ ರೂಢಿ. 3,110 ಮಂದಿ ನೋವೇ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, 50ರ ವಯಸ್ಸಿನವರಲ್ಲಿ ಶೇ. 80 ಮಂದಿಯ ಡಿಸ್ಕು ಸವೆದಿತ್ತು, ಶೇ. 60 ಮಂದಿಯ ಡಿಸ್ಕು ಉಬ್ಬಿತ್ತು. ಅವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು. ಹೀಗಿರುವಾಗ ಗಾಲ್ಫ್ ಆಡಿ ಸೊಂಟ ನೋವಾದ ಐವತ್ತರವರ ಸ್ಕ್ಯಾನಿನಲ್ಲಿ ಡಿಸ್ಕ್ ಉಬ್ಬಿದೆ ಎಂದು ಬಂದರೆ ಅದೇ ನೋವಿನ ಕಾರಣ ಎನ್ನಲು ಬರುವುದಿಲ್ಲ. ಕಾಲಿನ ಬಲ ಕುಂದಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಅಥವಾ ಕಾರಣವಿಲ್ಲದ ತೂಕ ಇಳಿಕೆ ಇದ್ದರೆ ಒಂದು ದಿನವೂ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಉಳಿದ ಹೆಚ್ಚಿನ ನೋವುಗಳು ಆರು ವಾರದೊಳಗೆ ಬಹಳಷ್ಟು ಇಳಿಯುತ್ತವೆ, ಅದೂ ಮಂಚ ಹಿಡಿದು ಮಲಗದೆ ಓಡಾಡಿಕೊಂಡಿದ್ದರೆ.

ಮೊಣಕೈಗೆ ಸ್ಟೀರಾಯ್ಡ್ ಚುಚ್ಚಿಸಿಕೊಂಡು ಮರುವಾರ ಆಡಲು ಹೋಗುವವರಿಗೂ ಒಂದು ಅಂಕಿಯಿದೆ. ಮೊಣಕೈಯ ಹೊರಬದಿಯ ನೋವಿದ್ದ 165 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸ್ಟೀರಾಯ್ಡ್ ಪಡೆದವರಲ್ಲಿ ವರ್ಷದೊಳಗೆ ನೋವು ಮರುಕಳಿಸಿದ್ದು ಶೇ. 54. ಔಷಧವಿಲ್ಲದ ಬರೀ ಚುಚ್ಚುಮದ್ದು ಪಡೆದವರಲ್ಲಿ ಶೇ. 12. ಗಾಲ್ಫ್ ಆಟಗಾರರ ಎಡ ಮೊಣಕೈಯನ್ನು ಕಾಡುವುದು ಬಹುಪಾಲು ಈ ಹೊರಬದಿಯ ನೋವೇ. ಬೇಗ ಗುಣವಾಗಲಿ ಎಂದು ಮಾಡಿಸಿಕೊಂಡದ್ದು ವರ್ಷ ನುಂಗುತ್ತದೆ. ಮುಂಗೈಗೆ ಹಂತಹಂತವಾಗಿ ಭಾರ ಕೊಡುವ ವ್ಯಾಯಾಮಕ್ಕೆ ಸುಮಾರು 12 ವಾರ ಬೇಕು, ನಿಧಾನ, ಬೇಸರದ ಕೆಲಸ. ಆದರೂ ಅದೇ ದಾರಿ.

ಟೈಗರ್ ವುಡ್ಸ್ ಅವರ ಬೆನ್ನಿನ ಕಥೆಯನ್ನು ಈ ಚರ್ಚೆಯಲ್ಲಿ ಎಲ್ಲರೂ ಎಳೆದು ತರುತ್ತಾರೆ. 2014ರ ಮಾರ್ಚ್, 2015ರ ಸೆಪ್ಟೆಂಬರ್, ಅದೇ ವರ್ಷದ ಅಕ್ಟೋಬರ್, ಕೊನೆಗೆ 2017ರ ಏಪ್ರಿಲ್‌ನಲ್ಲಿ ಕೆಳಗಿನ ಎರಡು ಎಲುಬುಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆ. ಮೂರು ವರ್ಷಕ್ಕೆ ನಾಲ್ಕು. 2019ರಲ್ಲಿ ಮಾಸ್ಟರ್ಸ್ ಗೆದ್ದದ್ದು ಬೆಸೆದ ಬೆನ್ನಿನಲ್ಲಿ. ಅವರಿಗೆ ಜಗತ್ತಿನ ಅತ್ಯುತ್ತಮ ಪರೀಕ್ಷೆ, ಅತ್ಯುತ್ತಮ ತರಬೇತಿ ಎಲ್ಲವೂ ಇತ್ತು. ಹುಡುಗನಾಗಿದ್ದಾಗಿನಿಂದ ಹೊಡೆದ ಲಕ್ಷಾಂತರ ಚೆಂಡುಗಳೂ ಇದ್ದವು. ಡಿಗ್ರಿ ಸರಿಯಿದ್ದರೂ ಎಣಿಕೆ ಮಿತಿ ಮೀರಿದರೆ ಏನಾದೀತು ಎಂಬುದನ್ನು ಅವರ ಬೆನ್ನಿನಿಂದ ಕಲಿಯಬಹುದು.

ಇನ್ನು ರೂಪಾಯಿ. ಇಲ್ಲಿ ಹಾಕುವ ದರಗಳು ಯಾವ ಆಸ್ಪತ್ರೆಯ ದರಪಟ್ಟಿಯೂ ಅಲ್ಲ, ಬೆಂಗಳೂರಿನಂಥ ಊರಿಗೆ ನಾನು ಹಿಡಿದ ಅಂದಾಜು. ನಿಮ್ಮ ಊರಿನ ದರ ಹಾಕಿ ಮತ್ತೆ ಕೂಡಬಹುದು. ಸೊಂಟನೋವು ಬಂದ ಮೇಲೆ ವೈದ್ಯರ ಎರಡು ಭೇಟಿಗೆ 1,600, ಎಂಆರ್‌ಐಗೆ 7,000, ತಲಾ 800ರಂತೆ 12 ಫಿಸಿಯೋಥೆರಪಿ ಸಿಟ್ಟಿಂಗಿಗೆ 9,600, ಮಾತ್ರೆ ಮತ್ತು ಬೆಲ್ಟಿಗೆ 2,000. ಒಟ್ಟು 20,200 ರೂ. ಅನಗತ್ಯ ಎಂಆರ್‌ಐ ಬಿಟ್ಟರೆ 13,200. ಇತ್ತ ಮುಂಚೆಯೇ ಮಾಡಿಸುವ ಒಂದು ಗಂಟೆಯ ಪೂರ್ಣ ಚಲನಾ ಪರೀಕ್ಷೆಗೆ 1,500, ವ್ಯಾಯಾಮ ಕಲಿಯಲು ಎರಡು ಸಿಟ್ಟಿಂಗಿಗೆ 1,600, ರಬ್ಬರ್ ಪಟ್ಟಿಗೆ 400. ಒಟ್ಟು 3,500. ಆರು ಪಟ್ಟು ಅಗ್ಗ ಎಂದು ಕೂಗಿ ಮಾರಲು ಈ ಎರಡು ಮೊತ್ತ ಸಾಕು. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ.

ನೂರು ಆಟಗಾರರ ಒಂದು ಕ್ಲಬ್ ಎಂದುಕೊಳ್ಳಿ. ಆಸ್ಟ್ರೇಲಿಯಾದ ಅಂಕಿಯ ಪ್ರಕಾರ ವರ್ಷಕ್ಕೆ 16 ಗಾಯ. ಅರ್ಧದಷ್ಟು ಸಣ್ಣವು, ತಲಾ 2,000ದಲ್ಲಿ ಮುಗಿದರೆ 16,000. ಉಳಿದ ಎಂಟಕ್ಕೆ ಪೂರ್ತಿ 20,200ರಂತೆ 1,61,600. ವರ್ಷದ ನೋವಿನ ಬಿಲ್ಲು 1,77,600 ರೂ. ನೂರೂ ಜನಕ್ಕೆ ಪೂರ್ಣ ಪರೀಕ್ಷೆ ಮಾಡಿಸಿದರೆ ಖರ್ಚು 3,50,000. ಒಂದೇ ಒಂದು ಗಾಯವೂ ಆಗದಂತೆ ತಡೆದರೂ 1,72,400 ನಷ್ಟ. ಎಲ್ಲರಿಗೂ ದುಬಾರಿ ಪ್ಯಾಕೇಜು ಬೇಕು ಎನ್ನುವವರು ಈ ಕಳೆಯುವ ಲೆಕ್ಕವನ್ನು ತೋರಿಸುವುದಿಲ್ಲ.

ಬೇರೆ ದಾರಿಯೊಂದಿದೆ. ಒಬ್ಬ ಫಿಸಿಯೋಥೆರಪಿಸ್ಟನ್ನು ಕ್ಲಬ್ಬಿಗೇ ಕರೆಸಿ ತಲೆಗೆ ಹತ್ತು ನಿಮಿಷ, ಮೇಲೆ ಹೇಳಿದ ಕುರ್ಚಿ ಮತ್ತು ಮೇಜಿನ ಎರಡು ಪರೀಕ್ಷೆ, ತಲಾ 300 ರೂ.: 30,000. ಕೀಲು ಬಿಗಿಯೂ ಇದ್ದು ಹಿಂದೆ ನೋವೂ ಬಂದಿದ್ದವರು 20 ಮಂದಿ ಎಂದರೆ ಅವರಿಗೆ ಮಾತ್ರ ಎರಡೆರಡು ಸಿಟ್ಟಿಂಗ್, 32,000. ಒಟ್ಟು 62,000. ನೋವಿನ ಬಿಲ್ಲು ಶೇ. 35 ಇಳಿದರೆ ಖರ್ಚು ಹುಟ್ಟುತ್ತದೆ.

ಹಿಂದೆ ಒಮ್ಮೆ ಸೊಂಟ ಹಿಡಿದಿದ್ದವರ ಲೆಕ್ಕವೇ ಬೇರೆ. ನೋವಿನಿಂದ ಚೇತರಿಸಿಕೊಂಡ 250 ಮಂದಿಯನ್ನು ಹಿಂಬಾಲಿಸಿ 2019ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ವರ್ಷದೊಳಗೆ ಶೇ. 69 ಮಂದಿಗೆ ನೋವು ಮರಳಿತು, ಶೇ. 41 ಮಂದಿ ಮತ್ತೆ ಚಿಕಿತ್ಸೆಗೆ ಹೋದರು. ಅಂದರೆ ಅಂಥವರೊಬ್ಬರ ತಲೆಯ ಮೇಲೆ ಮುಂದಿನ ವರ್ಷಕ್ಕೆ ಕಾದಿರುವ ಖರ್ಚು 20,200ರ ಶೇ. 41, ಸುಮಾರು 8,280 ರೂ. ವ್ಯಾಯಾಮ ಮತ್ತು ತಿಳಿವಳಿಕೆ ಎರಡೂ ಸೇರಿದರೆ ಸೊಂಟನೋವಿನ ಸಾಧ್ಯತೆ ಶೇ. 45 ಇಳಿಯುತ್ತದೆ ಎಂದು, 21 ಪ್ರಯೋಗಗಳನ್ನು ಕೂಡಿಸಿದ 2016ರ ವಿಶ್ಲೇಷಣೆ ಹೇಳಿದೆ. 8,280ರ ಶೇ. 45 ಎಂದರೆ 3,726. ಪೂರ್ಣ ಪರೀಕ್ಷೆ ಮತ್ತು ತರಬೇತಿಗೆ 3,500. ಆಫೀಸಿನ ರಜೆ, ರಾತ್ರಿಯ ನಿದ್ದೆ, ಮೊಮ್ಮಗುವನ್ನು ಎತ್ತಿಕೊಳ್ಳಲಾಗದ ಸಂಕಟ ಯಾವುದನ್ನೂ ಸೇರಿಸದೆಯೇ ಖರ್ಚು ಹೊಂದುತ್ತದೆ. ಆ ಶೇ. 45 ಬಂದದ್ದು ಮಾಡಿದ ವ್ಯಾಯಾಮದಿಂದ, ಅಳತೆಯಿಂದಲ್ಲ ಎಂಬುದನ್ನು ಮರೆಯಬಾರದು. ಅಳೆಸಿಕೊಂಡು ಬಂದು ರಬ್ಬರ್ ಪಟ್ಟಿಯನ್ನು ಬೀರುವಿನಲ್ಲಿಟ್ಟರೆ 3,500 ನೀರಿಗೆ ಬಿದ್ದಂತೆ.

ನೋವಿನ ಭಯಕ್ಕೆ ಆಟವನ್ನೇ ಬಿಡಿ ಎಂಬ ಸಲಹೆಗೆ ನಾನು ಒಪ್ಪುವುದಿಲ್ಲ. ಸ್ವೀಡನ್ನಿನ 3,00,818 ಗಾಲ್ಫ್ ಆಟಗಾರರ ದಾಖಲೆ ನೋಡಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದೇ ವಯಸ್ಸು ಮತ್ತು ಸಾಮಾಜಿಕ ಸ್ಥಿತಿಯ ಇತರರಿಗಿಂತ ಅವರ ಮರಣ ಪ್ರಮಾಣ ಶೇ. 40 ಕಡಿಮೆಯಿತ್ತು. ಒಂದು ಸುತ್ತಿಗೆ 11 ಸಾವಿರದಿಂದ 17 ಸಾವಿರ ಹೆಜ್ಜೆ. ಐವತ್ತು ದಾಟಿದವರನ್ನು ಇಷ್ಟು ಖುಷಿಯಿಂದ ನಾಲ್ಕು ಗಂಟೆ ನಡೆಸುವ ಆಟ ಇನ್ನೊಂದಿಲ್ಲ.

ಆದರೆ ಅಷ್ಟೇ ಹೆಜ್ಜೆಗಳನ್ನು ಹೆಗಲ ಮೇಲೆ ಭಾರ ಹೊತ್ತು ಹಾಕುವವರ ಅಳತೆಯನ್ನು ಯಾರೂ ತೆಗೆಯುವುದಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಈ ಊರಿನ ಗಾಲ್ಫ್ ನಡೆದಿರುವುದು ಆಟಗಾರರ ಚೀಲ ಹೊರುವ ಕ್ಯಾಡಿಗಳ ಹೆಗಲ ಮೇಲೆ. ಬಿಡದಿಯ ಗಾಲ್ಫ್ ರೆಸಾರ್ಟಿನಲ್ಲಿ ಚೆಂಡು ಹೆಕ್ಕುವ ಹುಡುಗನಾಗಿದ್ದ ಎಸ್. ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾಗಿ ಬೆಳೆದದ್ದು ನಮಗೆಲ್ಲ ಹೆಮ್ಮೆ. ಹಾಗೆ ಬೆಳೆಯದೆ ಚೀಲ ಹೊರುತ್ತಲೇ ಐವತ್ತು ದಾಟಿದವರು ಎಷ್ಟೋ ಮಂದಿ. ನಿಯಮದಂತೆ ಚೀಲದಲ್ಲಿ 14 ಕ್ಲಬ್ ಇರಬಹುದು. ಒಂದೊಂದು ಸುಮಾರು 400 ಗ್ರಾಂ ಎಂದರೆ 5.6 ಕೆ.ಜಿ. ಚೀಲ, ಚೆಂಡು, ನೀರು, ಛತ್ರಿ ಸೇರಿದರೆ 12 ಕೆ.ಜಿ. ಸಲೀಸಾಗಿ ದಾಟುತ್ತದೆ. ಸುತ್ತಿಗೆ 8 ಕಿ.ಮೀ., ವಾರಕ್ಕೆ 6 ಸುತ್ತು, ವರ್ಷಕ್ಕೆ 50 ವಾರ: 2,400 ಕಿ.ಮೀ. ಚೀಲ ಹೊರುವುದು ಕೆಳಬೆನ್ನಿಗೆ, ಭುಜಕ್ಕೆ, ಹಿಮ್ಮಡಿಯ ಕೀಲಿಗೆ ಅಪಾಯ ಎಂದು ಗೋಷೆಗರ್ ವರದಿ ಹೇಳಿದ್ದು ತಮ್ಮ ಚೀಲ ತಾವೇ ಹೊತ್ತ ಹವ್ಯಾಸಿಗಳ ಬಗ್ಗೆ. ದಿನವೂ ಬೇರೆಯವರದು ಹೊರುವವರ ಮಾತು ಏನೆನ್ನಬೇಕು?

ಒಂದೇ ಪಟ್ಟಿಯ ಚೀಲವನ್ನು ವರ್ಷಗಟ್ಟಲೆ ಬಲ ಹೆಗಲಿಗೆ ಹಾಕಿದ ಕ್ಯಾಡಿ ಚೀಲ ಇಳಿಸಿದ ಮೇಲೂ ಆ ಹೆಗಲನ್ನು ಕಿವಿಯತ್ತ ಎತ್ತಿಕೊಂಡೇ ನಿಲ್ಲುವುದನ್ನು ಗಮನಿಸಬಹುದು. ಕುತ್ತಿಗೆಯನ್ನು ಎಡಕ್ಕೆ ತಿರುಗಿಸು ಎಂದರೆ ಇಡೀ ಮೈ ತಿರುಗುತ್ತದೆ. ಎರಡು ಪಟ್ಟಿಯ ಚೀಲ, ತಳ್ಳುವ ಟ್ರಾಲಿ, ಹೆಗಲು ಬದಲಾಯಿಸುವ ರೂಢಿ, ಇವು ದೊಡ್ಡ ಖರ್ಚಿನ ಮಾತಲ್ಲ. ಕ್ಲಬ್ಬಿನಲ್ಲಿ 60 ಕ್ಯಾಡಿಗಳಿದ್ದರೆ ಹತ್ತು ನಿಮಿಷದ ಅಳತೆಗೆ ತಲಾ 300ರಂತೆ 18,000 ರೂ. ದಿನಕ್ಕೆ 600 ಸಂಪಾದಿಸುವ ಇಬ್ಬರು ಬೆನ್ನುನೋವಿನಿಂದ ಮೂರು ವಾರ ಮನೆಯಲ್ಲಿ ಕುಳಿತರೆ, ವಾರಕ್ಕೆ ಆರು ದಿನದ ಲೆಕ್ಕದಲ್ಲಿ ಅವರು ಕಳೆದುಕೊಳ್ಳುವ ಕೂಲಿ 21,600. ಸದಸ್ಯರ ಅಳತೆಗೆ ಫಿಸಿಯೋಥೆರಪಿಸ್ಟ್ ಬಂದ ಮರುದಿನವೇ, ಅದೇ ಮೇಜು, ಅದೇ ಕುರ್ಚಿ, ಅದೇ ಫೋನಿನಲ್ಲಿ, ಕ್ಯಾಡಿಗಳ ಸರದಿಯೂ ಮುಗಿಯಬಹುದು. ಹಣ ಹೋಗಬೇಕಾದದ್ದು ಕ್ಲಬ್ಬಿನ ಖಾತೆಯಿಂದ, ಅವರ ಕೂಲಿಯಿಂದಲ್ಲ.